ಮನೆತನದ ಚಿತ್ರಶಾಲೆ: ಸ್ವಂತ ಜಾಲತಾಣಕ್ಕೆ ಮುಕ್ತ ತಂತ್ರಾಂಶದ ಆಯ್ಕೆ

ಹುಟ್ಟೂರನ್ನು ಬಿಟ್ಟು ದೂರದ ನಗರದಲ್ಲಿ ನೆಲೆಸಿದ ಕುಟುಂಬದ ಚರಿತ್ರೆಯು ಬಹುಮಟ್ಟಿಗೆ ಅದರ ಛಾಯಾಚಿತ್ರಗಳಲ್ಲಿಯೇ ಉಳಿದಿರುತ್ತದೆ. ಗುಜರಾತಿಗೆ ಬಂದ ಕನ್ನಡಿಗರಲ್ಲಿ ಕೆಲವರ ಹೆಸರು ಗ್ರಂಥಗಳಲ್ಲಿ ಸೇರಿದೆ. ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಯು. ಆರ್. ರಾಯರು ವಿಕ್ರಮ್ ಸಾರಾಭಾಯ್ ಅವರ ಮಾರ್ಗದರ್ಶನದಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿ ಪಡೆದರು. ನವರಂಗಪುರದಲ್ಲಿರುವ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಮುಂದೆ 1984ರಿಂದ 1994ರವರೆಗೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅಂಥವರ ಚಿತ್ರಗಳನ್ನು ಕಾಪಾಡಲು ಸಂಸ್ಥೆಗಳಿವೆ. ಆದರೆ ವರ್ಗವಾಗಿ ಬಂದ ಬ್ಯಾಂಕ್ ನೌಕರ, ಹೋಟೆಲು ತೆರೆದ ಕರಾವಳಿಯ ಅಣ್ಣತಮ್ಮಂದಿರು, ಗಿರಣಿಯ ಇಂಜಿನಿಯರು, ಶಾಲೆಯ ಉಪಾಧ್ಯಾಯಿನಿ, ಇವರ ಕಥೆಗೆ ಟ್ರಂಕಿನಲ್ಲಿಟ್ಟ ಆಲ್ಬಮ್ಮೊಂದೇ ಆಧಾರ. ಆ ಆಲ್ಬಮ್ಮನ್ನು ಮುಂದಿನ ತಲೆಮಾರಿಗೆ ತಲಪಿಸುವ ಮಾರ್ಗಗಳಲ್ಲಿ ಒಂದಾದ ಸ್ವಂತ ಜಾಲತಾಣದ ಚಿತ್ರಶಾಲೆಯನ್ನು ಕುರಿತು, ಅದಕ್ಕೆ ತಕ್ಕ ತಂತ್ರಾಂಶವನ್ನು ಆರಿಸುವ ಬಗೆಯನ್ನು ಕುರಿತು, ಈ ಲೇಖನವು ವಿವೇಚಿಸುತ್ತದೆ.

ಕಾಗದದ ಅಪಾಯ, ಜಾಲದ ಅಪಾಯ

ಕಾಗದದ ಚಿತ್ರವು ಎಷ್ಟು ಅಲ್ಪಾಯುವೆಂಬುದನ್ನು ಗುಜರಾತಿನ ನಿವಾಸಿಗಳಿಗೆ ವಿವರಿಸಬೇಕಾಗಿಲ್ಲ. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಅನೇಕ ಬಹುಮಹಡಿ ಕಟ್ಟಡಗಳು ಕುಸಿದವು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ತಾಪಿ ನದಿಯು ಉಕ್ಕಿ ಸೂರತ್ ನಗರದ ಬಹುಭಾಗ ಜಲಾವೃತವಾಯಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿಯ ಪ್ರವಾಹವು ವಡೋದರೆಯ ಮನೆಗಳೊಳಗೆ ನುಗ್ಗಿತು. ಇಂಥ ಸಂದರ್ಭಗಳಲ್ಲಿ ಪಾತ್ರೆಪಡಗ, ಪೀಠೋಪಕರಣಗಳನ್ನು ಮತ್ತೆ ಕೊಳ್ಳಬಹುದು. ಒಂದೊಂದೇ ಪ್ರತಿಯಿದ್ದ ಮದುವೆಯ ಚಿತ್ರವನ್ನು ಕೊಳ್ಳಲಾಗದು.

ಅಂತರಜಾಲದ ಉಚಿತ ಸೇವೆಗಳಿಗೆ ಚಿತ್ರಗಳನ್ನು ಒಪ್ಪಿಸಿದವರು ಈ ಅಪಾಯದಿಂದ ಪಾರಾದೆವೆಂದು ಭಾವಿಸುವುದುಂಟು. ಆದರೆ ಅಲ್ಲಿ ಬೇರೊಂದು ಅಪಾಯವಿದೆ. ಭಾರತದಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಸಂಸ್ಥೆಯು 2016ರಲ್ಲಿ ಪಿಕಾಸಾವನ್ನು ನಿಲ್ಲಿಸಿತು; 2019ರ ಏಪ್ರಿಲಿನಲ್ಲಿ ಜನಸಾಮಾನ್ಯರ ಗೂಗಲ್ ಪ್ಲಸ್ ಕೊನೆಗೊಂಡಿತು. ಫ್ಲಿಕರ್ 2019ರಲ್ಲಿ ಉಚಿತ ಖಾತೆಗಳಿಗೆ 1,000 ಚಿತ್ರಗಳ ಮಿತಿಯನ್ನು ವಿಧಿಸಿತು. ಗೂಗಲ್ ಫೋಟೋಸ್ ನೀಡುತ್ತಿದ್ದ ಮಿತಿಯಿಲ್ಲದ ಉಚಿತ ಸಂಗ್ರಹವು 2021ರ ಜೂನ್ 1ರಿಂದ ನಿಂತಿತು. ಇವುಗಳಲ್ಲಿ ಹಲವು ಸೇವೆಗಳು ಮುನ್ಸೂಚನೆ ಕೊಟ್ಟವು, ಚಿತ್ರಗಳನ್ನು ಇಳಿಸಿಕೊಳ್ಳಲು ಅವಕಾಶವನ್ನೂ ಕೊಟ್ಟವು. ಆದರೂ ಹಳೆಯ ಮಿಂಚಂಚೆಯ ವಿಳಾಸವನ್ನು ಬಿಟ್ಟವರು, ಗುಪ್ತಪದವನ್ನು ಮರೆತವರು, ಖಾತೆಯ ಒಡೆಯರು ತೀರಿಹೋದ ಮನೆಯವರು ಆ ಅವಕಾಶವನ್ನು ಬಳಸಿಕೊಳ್ಳುವುದು ಕಷ್ಟ. ಬಾಡಿಗೆಯಿಲ್ಲದೆ ಇರಲು ಬಿಟ್ಟ ಮನೆಯನ್ನು ಒಡೆಯನು ಯಾವಾಗ ಬೇಕಾದರೂ ಬಿಡಿಸಬಹುದಷ್ಟೆ.

ಮುಕ್ತ ತಂತ್ರಾಂಶ ಎಂದರೇನು?

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ವಿಧಿಸುವ ಆದೇಶಗಳ ಸಮುದಾಯವೇ ತಂತ್ರಾಂಶ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯವನ್ನು ಪರವಾನಗಿಯೇ ನೀಡಿದ್ದರೆ ಅದನ್ನು ಮುಕ್ತ ತಂತ್ರಾಂಶವೆನ್ನುತ್ತಾರೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಈ ಚಳವಳಿಗೆ ರೂಪ ಬಂದಿತು. ‘ಓಪನ್ ಸೋರ್ಸ್’ ಎಂಬ ಹೆಸರು 1998ರಲ್ಲಿ ರೂಢಿಗೆ ಬಂದಿತು. ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲವೆಂದ ಮಾತ್ರಕ್ಕೆ ಚಿತ್ರಶಾಲೆಗೆ ಖರ್ಚೇ ಇಲ್ಲವೆಂದು ತಿಳಿಯಬಾರದು. ಜಾಲತಾಣದ ಹೆಸರಿಗೂ ಸರ್ವರಿನ ಸ್ಥಳಕ್ಕೂ ವರ್ಷವರ್ಷವೂ ಶುಲ್ಕ ತೆರಬೇಕು. ಒಂದು ಚಿತ್ರಕ್ಕೆ 4 ಮೆಗಾಬೈಟ್ ಎಂದಿಟ್ಟುಕೊಂಡರೆ 10,000 ಚಿತ್ರಗಳಿಗೆ ಸುಮಾರು 40 ಗಿಗಾಬೈಟ್ ಸ್ಥಳ ಬೇಕಾಗುತ್ತದೆ. ಚಲನಚಿತ್ರದ ತುಣುಕುಗಳು ಸೇರಿದರೆ ಇದು ಹಲವು ಪಟ್ಟು ಹೆಚ್ಚುತ್ತದೆ.

‘ಗ್ಯಾಲರಿ’ ಕಲಿಸಿದ ಪಾಠ

ಮುಕ್ತ ತಂತ್ರಾಂಶವಾದರೆ ಅಮರವೆಂಬ ಭಾವನೆಯೂ ಸರಿಯಲ್ಲ. ಇದಕ್ಕೆ ‘ಗ್ಯಾಲರಿ’ ಎಂಬ ಹೆಸರಿನ ತಂತ್ರಾಂಶವೇ ನಿದರ್ಶನ. ಭರತ್ ಮೆದಿರತ್ತಾ ಅವರು 2000ದ ಹೊತ್ತಿಗೆ ಆರಂಭಿಸಿದ ಈ ಯೋಜನೆಯು ಸ್ವಂತ ಜಾಲತಾಣಗಳಲ್ಲಿ ಚಿತ್ರಗಳನ್ನು ಇಡುವವರ ನಡುವೆ ಬಹಳ ಜನಪ್ರಿಯವಾಗಿತ್ತು. ಎರಡನೆಯ ಆವೃತ್ತಿ 2005ರಲ್ಲಿಯೂ ಮೂರನೆಯದು 2010ರಲ್ಲಿಯೂ ಹೊರಬಂದವು. 2014ರಲ್ಲಿ ಯೋಜನೆಯನ್ನು ಸುಪ್ತಾವಸ್ಥೆಗೆ ಕಳುಹಿಸುವುದಾಗಿ ಅದರ ಕರ್ತೃಗಳು ಪ್ರಕಟಿಸಿದರು. ಸ್ವಯಂಸೇವಕರಿಗೆ ವಯಸ್ಸಾಗುತ್ತದೆ, ಸಂಸಾರ ಬೆಳೆಯುತ್ತದೆ, ಉತ್ಸಾಹ ಬೇರೆ ಕಡೆಗೆ ಹರಿಯುತ್ತದೆ. ಇದರಲ್ಲಿ ಯಾರದೂ ತಪ್ಪಿಲ್ಲ.

ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಕಂಪನಿಯ ಸೇವೆ ಮುಚ್ಚಿದರೆ ನಿಗದಿಯಾದ ದಿನದಂದು ಬಾಗಿಲಿಗೆ ಬೀಗ ಬೀಳುತ್ತದೆ. ಮುಕ್ತ ತಂತ್ರಾಂಶದ ಯೋಜನೆ ನಿಂತರೆ, ಸರ್ವರಿನಲ್ಲಿರುವ ಚಿತ್ರಗಳು ಅಲ್ಲಿಯೇ ಇರುತ್ತವೆ. ಮೂಲಪಾಠವನ್ನು ಮುಂದುವರಿಸಲು ಇತರರಿಗೆ ಹಕ್ಕಿರುತ್ತದೆ. ಒಡೆಯನು ನಿಧಾನವಾಗಿ ಬೇರೆಡೆಗೆ ಸಾಗಬಹುದು. ಸಾಗುವುದು ಸುಲಭವೋ ಕಷ್ಟವೋ ಎಂಬುದು ಮಾತ್ರ ಮೊದಲ ದಿನವೇ ಮಾಡಿದ ಆಯ್ಕೆಯನ್ನು ಅವಲಂಬಿಸಿರುತ್ತದೆ. ಆದುದರಿಂದ ತಂತ್ರಾಂಶವನ್ನು ಆರಿಸುವಾಗ ಅದರ ಮುಂಬಾಗಿಲಿನ ಅಂದಕ್ಕಿಂತ ಹಿಂಬಾಗಿಲಿನ ಅನುಕೂಲವನ್ನು ಮೊದಲು ಪರೀಕ್ಷಿಸಬೇಕು. ಈ ಲೇಖನದ ತಿರುಳು ಇಷ್ಟೇ.

ಆಯ್ಕೆಗೆ ಮುನ್ನ ಐದು ಪ್ರಶ್ನೆಗಳು

ಮೊದಲನೆಯದಾಗಿ, ಮೂಲಚಿತ್ರವು ಕುಗ್ಗದೆ ಉಳಿಯುವುದೇ? ಚಿತ್ರಶಾಲೆಯ ತಂತ್ರಾಂಶಗಳು ತೆರೆಯ ಮೇಲೆ ತೋರಿಸಲು ಪ್ರತಿಯೊಂದು ಚಿತ್ರದ ಸಣ್ಣ ಪ್ರತಿಗಳನ್ನು ತಯಾರಿಸಿಕೊಳ್ಳುತ್ತವೆ. ಇದು ಅವಶ್ಯಕವೇ. ಆದರೆ ಮೂಲಚಿತ್ರವೂ ಸಾಧಾರಣ ಕಡತವಾಗಿ, ತೆಗೆದಾಗ ಇದ್ದ ಗಾತ್ರದಲ್ಲಿಯೇ ಇರಬೇಕು.

ಎರಡನೆಯದಾಗಿ, ಚಿತ್ರದ ಕೆಳಗೆ ಬರೆದ ವಿವರಣೆ ಎಲ್ಲಿ ಉಳಿಯುತ್ತದೆ? ಅನೇಕ ತಂತ್ರಾಂಶಗಳು ಅದನ್ನು ದತ್ತಸಂಚಯವೆಂಬ ಪ್ರತ್ಯೇಕ ಉಗ್ರಾಣದಲ್ಲಿಡುತ್ತವೆ. ಹಾಗಿರುವಲ್ಲಿ ಚಿತ್ರಗಳನ್ನು ಮಾತ್ರ ನಕಲು ಮಾಡಿಕೊಂಡು ಹೊರಟರೆ ಹೆಸರುಗಳೆಲ್ಲ ಹಿಂದೆಯೇ ಉಳಿಯುತ್ತವೆ. ವಿವರಣೆಯನ್ನು ಚಿತ್ರದ ಕಡತದೊಳಗೇ ಅಡಗಿಸಿಡುವ ಕ್ರಮಗಳಿವೆ. ಕ್ಯಾಮೆರಾವು ತಾನಾಗಿ ದಿನಾಂಕ, ವೇಳೆಗಳನ್ನು ಬರೆಯುವ ಎಕ್ಸಿಫ್ ಒಂದು. ಅಡೋಬಿ ಸಂಸ್ಥೆಯು 2001ರಲ್ಲಿ ರೂಪಿಸಿದ ಎಕ್ಸ್‌ಎಂಪಿ ಇನ್ನೊಂದು. ಎಕ್ಸ್‌ಎಂಪಿಯು ಯೂನಿಕೋಡನ್ನು ಅನುಸರಿಸುವುದರಿಂದ ಕನ್ನಡದ ಬರಹಕ್ಕೆ ಅದು ಹೊಂದುತ್ತದೆ. ಡಿಜಿಕ್ಯಾಮ್ ಎಂಬ ಮುಕ್ತ ತಂತ್ರಾಂಶವನ್ನು ಮನೆಯ ಗಣಕದಲ್ಲಿ ಅಳವಡಿಸಿಕೊಂಡು, ಜಾಲತಾಣಕ್ಕೆ ಕಳುಹಿಸುವ ಮೊದಲೇ ವಿವರಣೆಯನ್ನು ಈ ರೀತಿ ಬರೆದಿಡಬಹುದು.

ಮೂರನೆಯದಾಗಿ, ತಂತ್ರಾಂಶವು ಜೀವಂತವಾಗಿದೆಯೇ? ಕೊನೆಯ ಆವೃತ್ತಿಯ ದಿನಾಂಕವನ್ನು ನೋಡಿದರೆ ಇದು ತಿಳಿಯುತ್ತದೆ. ಹಲವು ವರ್ಷಗಳಿಂದ ತಿದ್ದುಪಡಿಯಿಲ್ಲದ ತಂತ್ರಾಂಶದ ದೋಷಗಳು ದುಷ್ಕರ್ಮಿಗಳಿಗೆ ತಿಳಿದಿರುತ್ತವೆ. ಸರ್ವರಿನ ಭಾಷೆಯ ಹೊಸ ಆವೃತ್ತಿಯೊಂದಿಗೆ ಅದು ಹೊಂದಿಕೊಳ್ಳದೆ ಒಂದು ದಿನ ಕೆಲಸ ನಿಲ್ಲಿಸಲೂಬಹುದು.

ನಾಲ್ಕನೆಯದಾಗಿ, ಯಾರು ಏನನ್ನು ನೋಡಬಹುದೆಂದು ಗೊತ್ತುಪಡಿಸಲು ಸಾಧ್ಯವೇ? ಹಬ್ಬದ ಚಿತ್ರಗಳನ್ನು ಎಲ್ಲರೂ ನೋಡಬಹುದು. ಆಸ್ಪತ್ರೆಯಲ್ಲಿ ತೆಗೆದ ಚಿತ್ರ, ಮಕ್ಕಳ ಚಿತ್ರಗಳು ಮನೆಯವರಿಗೆ ಮಾತ್ರ ಕಾಣಬೇಕು. ಇದಲ್ಲದೆ ಮೊಬೈಲ್ ಫೋನು ಚಿತ್ರದೊಳಗೆ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡಬಹುದು. ಬಾಲ್ಕನಿಯಲ್ಲಿ ತೆಗೆದ ಒಂದು ಚಿತ್ರದಿಂದ ಮನೆಯ ನೆಲೆಯನ್ನು ಅಪರಿಚಿತರು ಕಂಡುಹಿಡಿಯಬಹುದಾದ್ದರಿಂದ, ಸಾರ್ವಜನಿಕ ಚಿತ್ರಗಳಲ್ಲಿ ಆ ಅಂಶವನ್ನು ತೆಗೆದುಹಾಕಬೇಕು.

ಐದನೆಯದಾಗಿ, ಕನ್ನಡವು ಸರಿಯಾಗಿ ಮೂಡುವುದೇ, ಹುಡುಕಿದರೆ ಸಿಗುವುದೇ? 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ ಬಹುಕಾಲ ಬೇರೆ ಸಂಕೇತಗಳ ಅಕ್ಷರವಿನ್ಯಾಸಗಳು ಬಳಕೆಯಲ್ಲಿದ್ದವು. ಅವುಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಲಭ್ಯವಿರುವ ಕೆಲವು ತಂತ್ರಾಂಶಗಳು

ಪಿವಿಗೊ: ಫ್ರಾನ್ಸಿನಲ್ಲಿ ಪಿಯೆರಿಕ್ ಲೆ ಗಾಲ್ ಎಂಬುವರು 2002ರಲ್ಲಿ ಬೇರೆ ಹೆಸರಿನಿಂದ ಆರಂಭಿಸಿದ ಈ ತಂತ್ರಾಂಶಕ್ಕೆ 2009ರಲ್ಲಿ ಈಗಿನ ಹೆಸರು ಬಂದಿತು. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಸಾಮಾನ್ಯ ಅಗ್ಗದ ಸರ್ವರಿನಲ್ಲಿಯೇ ಇದು ನಡೆಯುತ್ತದೆ. ಆಲ್ಬಮ್ಮಿನೊಳಗೆ ಆಲ್ಬಮ್, ಬಳಕೆದಾರರ ಗುಂಪು, ಗುಂಪಿಗೆ ತಕ್ಕ ಅನುಮತಿ, ಇವೆಲ್ಲ ಇದರಲ್ಲಿವೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಗುಜರಾತಿಯೂ ಸೇರಿವೆ. ಗಮನಿಸಬೇಕಾದ ಸಂಗತಿಗಳು ಎರಡು. ಶೀರ್ಷಿಕೆ, ವಿವರಣೆಗಳು ದತ್ತಸಂಚಯದಲ್ಲಿ ಉಳಿಯುವುದರಿಂದ ಅದರ ಪ್ರತಿಯನ್ನೂ ಆಗಾಗ ತೆಗೆದಿಡಬೇಕು. ಕಡತಕೋಶಗಳನ್ನು ನೇರವಾಗಿ ಸರ್ವರಿಗೆ ಸಾಗಿಸುವುದಾದರೆ ಕೋಶದ ಹೆಸರನ್ನು ರೋಮನ್ ಅಕ್ಷರ, ಅಂಕೆ, ಅಡ್ಡಗೆರೆಗಳಲ್ಲಿಯೇ ಇಡಬೇಕು. ಆಲ್ಬಮ್ಮಿನ ಕನ್ನಡ ಹೆಸರನ್ನು ಅನಂತರ ಕೊಡಬಹುದು. ಸರ್ವರಿನ ಗೊಡವೆ ಬೇಡವೆನ್ನುವವರಿಗೆ ಇದೇ ತಂಡವು ಶುಲ್ಕ ಪಡೆದು ಚಿತ್ರಶಾಲೆಯನ್ನು ನಡೆಸಿಕೊಡುತ್ತದೆ.

ಲೀಚಿ: ಇದೂ ಪಿಎಚ್‌ಪಿಯಲ್ಲಿ ರಚಿತವಾದದ್ದು. ನೋಟ ಸರಳ, ಕಲಿಯುವುದು ಸುಲಭ. ಒಬ್ಬಿಬ್ಬರು ನೋಡಿಕೊಳ್ಳುವ ಸಣ್ಣ ಸಂಗ್ರಹಕ್ಕೆ ತಕ್ಕುದು.

ಸಿಗಲ್: ಇದರ ಮಾರ್ಗ ಬೇರೆ. ಮನೆಯ ಗಣಕದಲ್ಲಿರುವ ಚಿತ್ರಕೋಶದಿಂದ ಸಿದ್ಧ ಪುಟಗಳನ್ನು ತಯಾರಿಸಿ ಕೊಡುತ್ತದೆ. ಆ ಪುಟಗಳನ್ನು ಸರ್ವರಿಗೆ ಸಾಗಿಸಿದರೆ ಸಾಕು. ಸರ್ವರಿನಲ್ಲಿ ದತ್ತಸಂಚಯವೂ ಇಲ್ಲ, ನಡೆಯುವ ತಂತ್ರಾಂಶವೂ ಇಲ್ಲ. ಆದ್ದರಿಂದ ಕೆಡುವ ಸಂಭವ ಬಹಳ ಕಡಮೆ. ಬಂಧುಗಳು ತಾವೇ ಚಿತ್ರ ಸೇರಿಸುವ ಅನುಕೂಲ ಇದರಲ್ಲಿಲ್ಲ. ಆದೇಶಗಳನ್ನು ಬೆರಳಚ್ಚು ಮಾಡಿ ಕೆಲಸ ನಡೆಸುವ ಅಭ್ಯಾಸವಿರುವವರಿಗೆ ಇದು ಒಳ್ಳೆಯದು.

ಫೋಟೋಪ್ರಿಸಂ ಮತ್ತು ಇಮಿಚ್: ಇವೆರಡೂ ಗೂಗಲ್ ಫೋಟೋಸ್ ಮಾದರಿಯವು. ಮುಖಗಳನ್ನು ಗುರುತಿಸಿ ವಿಂಗಡಿಸುವ ಕೆಲಸವನ್ನು ಸ್ವಂತ ಯಂತ್ರದಲ್ಲಿಯೇ ಮಾಡುತ್ತವೆ. 2022ರಲ್ಲಿ ಆರಂಭವಾದ ಇಮಿಚ್, ಮೊಬೈಲಿನ ಚಿತ್ರಗಳನ್ನು ತಾನಾಗಿಯೇ ಮನೆಯ ಸರ್ವರಿಗೆ ಸಾಗಿಸುತ್ತದೆ. ಅದರ ಸ್ಥಿರ ಆವೃತ್ತಿಯು 2025ರ ಅಕ್ಟೋಬರಿನಲ್ಲಿ ಹೊರಬಂದಿತು. ಇವಕ್ಕೆ ಡಾಕರ್ ಎಂಬ ವ್ಯವಸ್ಥೆಯೂ ಹೆಚ್ಚು ಸ್ಮೃತಿಸಾಮರ್ಥ್ಯದ ಪ್ರತ್ಯೇಕ ಯಂತ್ರವೂ ಬೇಕು. ಅಗ್ಗದ ಹಂಚಿಕೆಯ ಸರ್ವರಿನಲ್ಲಿ ನಡೆಯವು. ಮನೆಯಲ್ಲಿ ಈ ವಿದ್ಯೆ ಬಲ್ಲ ಮಗನೋ ಮಗಳೋ ಇದ್ದು, ಅವರು ಮುಂದೆ ಬೆಂಗಳೂರಿಗೋ ವಿದೇಶಕ್ಕೋ ಹೋದರೆ ಯಂತ್ರವನ್ನು ಯಾರು ನೋಡಿಕೊಳ್ಳುವರೆಂಬ ಪ್ರಶ್ನೆಗೂ ಉತ್ತರವಿದ್ದರೆ ಮಾತ್ರ ಇವುಗಳನ್ನು ಆರಿಸುವುದು ಯುಕ್ತ.

ಒಟ್ಟಿನಲ್ಲಿ ಹೇಳುವುದಾದರೆ, ದೂರದೂರದಲ್ಲಿರುವ ಬಂಧುಗಳೆಲ್ಲ ಸೇರಿ ಬಳಸುವ ಮನೆತನದ ಚಿತ್ರಶಾಲೆಗೆ ಪಿವಿಗೊ ಹೆಚ್ಚು ಹೊಂದುತ್ತದೆ. ಕೆಲವೇ ನೂರು ಆಯ್ದ ಚಿತ್ರಗಳ ಶಾಶ್ವತ ಪ್ರದರ್ಶನಕ್ಕೆ ಸಿಗಲ್. ದಿನನಿತ್ಯದ ಮೊಬೈಲ್ ಚಿತ್ರಗಳ ಸಂಗ್ರಹಕ್ಕೆ ಇಮಿಚ್.

ಇಪ್ಪತ್ತು ಚಿತ್ರಗಳ ಪರೀಕ್ಷೆ

ಹೊಸ ಅಕ್ಕಿಯನ್ನು ಮೂಟೆಗಟ್ಟಲೆ ಕೊಳ್ಳುವ ಮೊದಲು ಗೃಹಿಣಿಯು ಒಂದು ಪಾವು ಬೇಯಿಸಿ ನೋಡುತ್ತಾಳೆ. ತಂತ್ರಾಂಶಕ್ಕೂ ಇದೇ ನ್ಯಾಯ. ಸಾವಿರಾರು ಚಿತ್ರಗಳನ್ನು ಸಾಗಿಸುವ ಮೊದಲು ಇಪ್ಪತ್ತನ್ನು ಮಾತ್ರ ಆರಿಸಿಕೊಳ್ಳಬೇಕು: ಸ್ಕ್ಯಾನ್ ಮಾಡಿದ ಹಳೆಯ ಕಪ್ಪುಬಿಳುಪು ಚಿತ್ರಗಳು ಕೆಲವು, ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದವು ಕೆಲವು, ಅನೇಕ ಜನರಿರುವ ಗುಂಪುಚಿತ್ರಗಳು ಕೆಲವು. ಹಳೆಯ ಸಣ್ಣ ಚಿತ್ರಗಳನ್ನು ಅಂಗುಲಕ್ಕೆ 600 ಬಿಂದುಗಳಂತೆ ಸ್ಕ್ಯಾನ್ ಮಾಡಿಸುವುದು ಉತ್ತಮ. ಚಿತ್ರದ ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ಬಿಡಬಾರದು.

ಈ ಚಿತ್ರಗಳನ್ನು ಏರಿಸಿ, ಕನ್ನಡದಲ್ಲಿ ವಿವರಣೆ ಬರೆದು, ಅದರಲ್ಲಿನ ಒಂದು ಪದವನ್ನು ಹುಡುಕಿ ನೋಡಬೇಕು. ಮನೆಯ ಹಿರಿಯರ ಮೊಬೈಲಿನಲ್ಲಿ ತೆರೆದು ಅವರ ಕೈಗೆ ಕೊಡಬೇಕು; ಅಕ್ಷರ ಚಿಕ್ಕದಾಯಿತೆಂದು ಅವರು ಹೇಳಿದರೆ ಅದೇ ಅಂತಿಮ ತೀರ್ಪು. ಪ್ರವೇಶಪದವಿಲ್ಲದೆ ಬೇರೊಂದು ಫೋನಿನಿಂದ ನೋಡಿ, ಗುಪ್ತವಾಗಿರಬೇಕಾದ ಆಲ್ಬಮ್ ಗುಪ್ತವಾಗಿಯೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಚಿತ್ರವನ್ನು ಮರಳಿ ಇಳಿಸಿಕೊಂಡು ಅದರ ಗಾತ್ರ, ದಿನಾಂಕ, ವಿವರಣೆಗಳು ಹಾಗೆಯೇ ಇವೆಯೇ ಎಂದು ಪರಿಶೀಲಿಸಬೇಕು. ಕೊನೆಯದಾಗಿ ಚಿತ್ರಶಾಲೆಯನ್ನೇ ಅಳಿಸಿ, ಕಾಪುಪ್ರತಿಯಿಂದ ಮತ್ತೆ ಕಟ್ಟಬೇಕು. ಈ ಕೊನೆಯ ಪರೀಕ್ಷೆಯಲ್ಲಿ ಗೆದ್ದ ತಂತ್ರಾಂಶಕ್ಕೆ ಉಳಿದ ಕೊರತೆಗಳನ್ನು ಕ್ಷಮಿಸಬಹುದು. ಇದರಲ್ಲಿ ಸೋತದ್ದನ್ನು ಎಷ್ಟು ಸುಂದರವಾಗಿದ್ದರೂ ಬಿಡಬೇಕು.

ಚಿತ್ರಶಾಲೆಯೇ ಕಾಪುಪ್ರತಿಯಾಗಲಾರದೆಂಬುದನ್ನೂ ನೆನಪಿಡಬೇಕು. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಅವುಗಳಲ್ಲಿ ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ತಜ್ಞರು ಒಪ್ಪಿದ ಸೂತ್ರ. ವಲಸಿಗರಿಗೆ ಇದರಲ್ಲಿ ಒಂದು ಅನುಕೂಲವುಂಟು. ಸೂರತ್ತಿನ ಮನೆಯ ಚಿತ್ರಗಳ ಒಂದು ಹಾರ್ಡ್ ಡಿಸ್ಕನ್ನು ಹುಬ್ಬಳ್ಳಿಯ ಸೋದರಮಾವನ ಮನೆಯ ಬೀರುವಿನಲ್ಲಿಟ್ಟು, ವರ್ಷಕ್ಕೊಮ್ಮೆ ಊರಿಗೆ ಹೋದಾಗ ಬದಲಾಯಿಸಿ ಬಂದರೆ ಸೂತ್ರದ ಮೂರನೆಯ ಭಾಗವು ತಾನಾಗಿಯೇ ನೆರವೇರುತ್ತದೆ.

ಸಂಘಸಂಸ್ಥೆಗಳಿಗೆ ಒಂದು ಸೂಚನೆ

ರಾಜ್ಯೋತ್ಸವ, ಗಣೇಶೋತ್ಸವಗಳ ಚಿತ್ರಗಳನ್ನು ಜಾಲತಾಣದಲ್ಲಿ ಇಡುವ ಸಂಘಗಳು ಒಂದು ವಿಷಯದಲ್ಲಿ ಕುಟುಂಬಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬನು ಸ್ವಂತ ಅಥವಾ ಗೃಹಸಂಬಂಧವಾದ ಉದ್ದೇಶಕ್ಕೆ ಮಾಡುವ ಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಂಘವು ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ವೇದಿಕೆಯಲ್ಲಿ ಹಾಡಿದ, ಕುಣಿದ ಮಕ್ಕಳ ಚಿತ್ರಗಳನ್ನು ಪ್ರಕಟಿಸುವ ಮೊದಲು ತಂದೆತಾಯಿಗಳ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು, ಬೇಡವೆಂದವರ ಚಿತ್ರವನ್ನು ಕೂಡಲೇ ತೆಗೆಯುವುದು ಕ್ರಮವೂ ಹೌದು, ಸೌಜನ್ಯವೂ ಹೌದು.

ಹಿರಿಯರು, ಚಿತ್ರಗಳು, ಆರೋಗ್ಯ

ಹಳೆಯ ಚಿತ್ರಗಳಿಗೂ ಮುಪ್ಪಿನ ಮನಃಸ್ಥಿತಿಗೂ ಇರುವ ಸಂಬಂಧವನ್ನು ವೈದ್ಯರು ಗಮನಿಸಿದ್ದಾರೆ. ಬಾಳನ್ನು ಹಿಂದಿರುಗಿ ನೋಡುವುದು ವೃದ್ಧಾಪ್ಯದ ಸಹಜ ಪ್ರವೃತ್ತಿಯೆಂದೂ ಅದು ಉಪಯುಕ್ತವೆಂದೂ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಪ್ರತಿಪಾದಿಸಿದರು. ಮರೆವಿನ ರೋಗಿಗಳೊಡನೆ ಹಳೆಯ ಚಿತ್ರ, ಹಾಡು, ವಸ್ತುಗಳನ್ನಿಟ್ಟುಕೊಂಡು ಮಾತನಾಡುವ ಪದ್ಧತಿಯು ಇಂದು ಅನೇಕ ಆರೈಕೆ ಕೇಂದ್ರಗಳಲ್ಲಿದೆ. ಇದು ರೋಗವನ್ನು ನಿವಾರಿಸುವುದಿಲ್ಲ; ಇದರಿಂದ ಕಂಡುಬಂದಿರುವ ಪ್ರಯೋಜನಗಳು ಅಲ್ಪವೂ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವೂ ಆಗಿವೆ. ಆದರೂ ಗುಜರಾತಿ ಮಾತನಾಡುವ ಮೊಮ್ಮಕ್ಕಳ ನಡುವೆ ದಿನವೆಲ್ಲ ಮೌನವಾಗಿ ಕುಳಿತಿರುವ ಅಜ್ಜಿಗೆ ತನ್ನ ತವರಿನ ಚಿತ್ರವನ್ನು ತೋರಿಸಿ ಕೇಳಿದರೆ, ಆಕೆ ಕನ್ನಡದಲ್ಲಿ ನಾಲ್ಕು ಮಾತನಾಡುವಳು; ಮಕ್ಕಳು ನಾಲ್ಕು ಮಾತು ಕೇಳುವರು. ಇದಕ್ಕೆ ಔಷಧದ ಚೀಟಿ ಬೇಕಿಲ್ಲ.

ಚಿತ್ರಶಾಲೆಯ ನಿಜವಾದ ಕೆಲಸವೂ ಇಲ್ಲಿಂದಲೇ ಆರಂಭವಾಗಬೇಕು. ಗುಂಪುಚಿತ್ರದಲ್ಲಿ ಎಡದಿಂದ ಮೂರನೆಯವರು ಯಾರು, ಹಿಂದೆ ಕಾಣುವ ಬಾಗಿಲು ಯಾವ ಮನೆಯದು, ಮದುವೆ ನಡೆದ ವರ್ಷ ಯಾವುದು, ಇವು ಮನೆಯ ಒಬ್ಬಿಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಯಾವ ತಂತ್ರಾಂಶವೂ ಇವನ್ನು ಊಹಿಸಲಾರದು. ಮುಖವನ್ನು ಗುರುತಿಸುವ ಯಂತ್ರವು ಎರಡು ಚಿತ್ರಗಳಲ್ಲಿರುವುದು ಒಂದೇ ಮುಖವೆಂದು ಹೇಳಬಲ್ಲದು. ಆ ಮುಖದ ಹೆಸರು ‘ದೊಡ್ಡಮ್ಮ’ ಎಂದು ಹೇಳಲಾರದು. ಆದ್ದರಿಂದ ತಂತ್ರಾಂಶದ ನಿರ್ಧಾರವಾಗುವವರೆಗೆ ಕಾಯದೆ, ಒಂದು ನೋಟುಪುಸ್ತಕದಲ್ಲಾದರೂ ಹೆಸರು, ಸ್ಥಳ, ವರ್ಷ ಎಂಬ ಮೂರನ್ನು ಬರೆದಿಡುವುದು ಅಗತ್ಯ.

ತಂತ್ರಾಂಶ ಇಂದು ತಪ್ಪಾದರೆ ನಾಳೆ ಬದಲಾಯಿಸಬಹುದು. ಹೊರಬರುವ ಬಾಗಿಲಿರುವುದನ್ನೇ ಆರಿಸಿದ್ದರೆ ಆ ಬದಲಾವಣೆಗೆ ಒಂದು ವಾರದ ಶ್ರಮ ಸಾಕು. ಹೆಸರು ಬಲ್ಲ ಹಿರಿಯರ ಜಾಗಕ್ಕೆ ಬೇರೊಬ್ಬರು ಬರಲಾರರು. ಬರುವ ಭಾನುವಾರ ಟ್ರಂಕನ್ನು ಕೆಳಗಿಳಿಸಿ, ಇಪ್ಪತ್ತು ಚಿತ್ರಗಳನ್ನು ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳುವುದೇ ಮನೆತನದ ಚಿತ್ರಶಾಲೆಗೆ ಹಾಕುವ ಅಡಿಗಲ್ಲು.